ನಾನು ಮಲಗಿದ್ದ ಸೀಟು

ದೂರದ ವಿಮಾನ ಪ್ರಯಾಣದಲ್ಲಿ ಎಕಾನಮಿಗೂ ಬಿಸಿನೆಸ್ ಕ್ಲಾಸಿಗೂ ಎಷ್ಟು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ಈಗ ನಾನು ಮಾತು ಬದಲಿಸುತ್ತೇನೆ. ಸ್ವಲ್ಪ ಕಾಲ ಹಾಗಿರಲಿಲ್ಲ. ಕೇಳದವರಿಗೂ ಕರೆದು ಹೇಳುತ್ತಿದ್ದೆ. ನಾನು ಎರಡರಲ್ಲೂ ಕೂತವನು, ಅದೂ ಒಂದೇ ಪ್ರಯಾಣದಲ್ಲಿ. ನನ್ನ ಜೊತೆಗಿದ್ದವರು ಒಂದರಲ್ಲಿ ಮಾತ್ರ ಕೂತಿದ್ದರು. ಅದು ಹಾಗಾದದ್ದು ನನ್ನಿಂದ.

ನಾನು ದನದ ಡಾಕ್ಟರು. ಮನೆ ಕಡೂರಿನಲ್ಲಿ. ಕೆಲಸಕ್ಕೆ ಸೇರಿದ್ದು ಅಜ್ಜಂಪುರದಲ್ಲಿ, ಆಮೇಲೆ ಹೆಚ್ಚು ವರ್ಷ ಕಳೆದದ್ದು ತರೀಕೆರೆಯಲ್ಲಿ. ಸೇರಿದ ಹೊಸದರಲ್ಲಿ ಒಂದು ಅಮೃತಮಹಲ್ ಹಸುವಿಗೆ ಸೂಜಿ ಹಾಕಲು ಎದುರಿನಿಂದ ಹೋದೆ. ಅದು ಕೊಂಬು ತಿರುಗಿಸಿದ ರಭಸಕ್ಕೆ ನನ್ನ ಅಂಗಿಯ ಜೇಬು ಹರಿದು ಕೈಗೆ ಬಂತು. ಇನ್ನೊಂದು ಗೇಣು ಒಳಕ್ಕೆ ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಆಗ ಪಕ್ಕದಿಂದ ಬಂದು ಹಸುವಿನ ಕತ್ತಿಗೆ ಕೈ ಹಾಕಿ ನಿಲ್ಲಿಸಿದವರು ಎಮ್ಮೆದೊಡ್ಡಿ ಕಾವಲಿನ, ಅಂದರೆ ಅಲ್ಲಿ ದನಕ್ಕೆಂದೇ ಬಿಟ್ಟ ಹುಲ್ಲುಗಾವಲಿನ, ಒಬ್ಬ ದನಗಾಹಿ. ಊರಿನವರೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆರು ಅಡಿಗೆ ಒಂದಿಷ್ಟು ಮೇಲಿದ್ದ ಆಳು. ಆ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲೇ. ಹುಟ್ಟಿದಾಗಿನಿಂದ ಹುಲ್ಲುಗಾವಲಿನಲ್ಲಿ ದನದ ಹಿಂದೆ ನಡೆದು ನಡೆದು ಆದ ಕಾಲು.

ಗೊರಸಿನ ಸದ್ದು ಕೇಳಿಯೇ ಯಾವ ಕಾಲಿನಲ್ಲಿ ನೋವಿದೆ ಎಂದು ಅವರು ಹೇಳುತ್ತಿದ್ದರು. ಕಾಲೇಜಿನಲ್ಲಿ ನಾನು ಕಲಿಯದೆ ಬಿಟ್ಟದ್ದನ್ನೆಲ್ಲ ಅವರ ಹಿಂದೆ ತಿರುಗಿ ಕಲಿತೆ. ಕಲಿತದ್ದನ್ನು ಬರೆದಿಟ್ಟುಕೊಂಡು, ಇಪ್ಪತ್ತು ವರ್ಷಗಳ ಮೇಲೆ ಅದನ್ನೇ ಒಂದು ಪ್ರಬಂಧ ಮಾಡಿ ಹೊರದೇಶದ ಪತ್ರಿಕೆಗೆ ಕಳಿಸಿದೆ. ಅದರಲ್ಲಿ ಮುಕ್ಕಾಲು ಪಾಲು ಯಜಮಾನರದು. ಹೆಸರು ನನ್ನದು. ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಹೇಳಿದ್ದೆ.

ಆ ಒಂದು ಸಾಲನ್ನು ಬ್ರೆಜಿಲ್ ದೇಶದಲ್ಲಿ ಯಾರೋ ಓದಿದ್ದರು. ಅಲ್ಲಿ ನಮ್ಮ ದೇಶದಿಂದ ಹೋದ ದನಗಳ ಸಂತತಿಯನ್ನು ದೊಡ್ಡ ಮಟ್ಟದಲ್ಲಿ ಸಾಕುತ್ತಾರೆ. ತಳಿ ಸಾಕುವವರ ಒಂದು ಸಭೆಗೆ ನನ್ನನ್ನು ಕರೆದರು. ಜೊತೆಗೆ ಆ ದನಗಾಹಿಯನ್ನೂ ಖಂಡಿತ ಕರೆತರಬೇಕು, ಖರ್ಚು ನಮ್ಮದು ಎಂದು ಬರೆದಿದ್ದರು. ಓದಿ ನನಗೆ ಸಂತೋಷವಾಯಿತು. ಅದರ ಜೊತೆಗೇ ಕೊಂಚ ಇರಿಸುಮುರಿಸೂ ಆಯಿತು. ಅವರಿಗೆ ಬೇಕಾಗಿರುವುದು ನಾನೋ ಯಜಮಾನರೋ ಎಂಬ ಅನುಮಾನ ಅವತ್ತೇ ಮನಸ್ಸಿನಲ್ಲಿ ಬಂದು ಕೂತಿತು.

ಯಜಮಾನರು ಬರಲು ಒಪ್ಪಿದ್ದು ಒಂದೇ ಆಸೆಗೆ. ಅಲ್ಲಿಯ ದನಗಳನ್ನು ಕಣ್ಣಾರೆ ನೋಡಬೇಕು. ನಮ್ಮ ನೆಲ ಬಿಟ್ಟು ಹೋದ ದನ ಬೇರೆ ನೆಲದಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಪಾಸ್‌ಪೋರ್ಟ್ ಮಾಡಿಸಲು, ಹಳದಿ ಜ್ವರದ ಲಸಿಕೆ ಹಾಕಿಸಲು ನನ್ನ ಜೊತೆ ಬೆಂಗಳೂರಿಗೆ ಬಂದುಹೋದರು. ಕಡೂರಿನಲ್ಲಿ ಕ್ಯಾನ್ವಾಸ್ ಶೂ ಕೊಂಡರು. ಅವರ ಅಳತೆಯದು ಮೂರು ಅಂಗಡಿ ತಿರುಗಿದ ಮೇಲೆ ಸಿಕ್ಕಿತು. ಅಲ್ಲಿ ದನ ನೋಡಲು ಹೋಗುತ್ತೇನೆಂದು ಹಿರೇನಲ್ಲೂರಿನ ನೆಂಟರಿಗೆಲ್ಲ ಹೇಳಿ ಬಂದಿದ್ದರು.

ಬೆಂಗಳೂರಿನಿಂದ ಕೊಲ್ಲಿ ದೇಶದ ಒಂದು ಊರಿಗೆ ಮೊದಲ ವಿಮಾನ, ನಾಲ್ಕು ಗಂಟೆಯ ದಾರಿ. ಇಬ್ಬರೂ ಎಕಾನಮಿಯಲ್ಲಿ ಅಕ್ಕಪಕ್ಕ ಕೂತೆವು. ನಾನು ಐದೂಕಾಲು ಅಡಿಯವನು. ನನ್ನ ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಯಜಮಾನರ ಮಂಡಿ ಮುಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿತ್ತು. ಮುಂದೆ ಕೂತಿದ್ದವರು ಸೀಟು ಹಿಂದಕ್ಕೆ ಬಾಗಿಸಿದಾಗ ಅವರು ಒಂದು ಕಾಲನ್ನು ಓಡಾಡುವ ದಾರಿಗೆ ಚಾಚಿದರು. ಊಟದ ಗಾಡಿ ಬಂದು ಅದಕ್ಕೆ ತಾಗಿತು. ಮತ್ತೆ ಒಳಕ್ಕೆ ಎಳೆದುಕೊಂಡರು. ಲಾರಿಯಲ್ಲಿ ದನ ಸಾಗಿಸುವಾಗ ಒಂದೊಂದಕ್ಕೂ ನಿಲ್ಲಲು ಇಷ್ಟು ಜಾಗ ಇರಬೇಕು ಎಂದು ಅಳತೆ ಹಿಡಿದು ನೋಡಿ ನಾನು ಸಹಿ ಮಾಡುವುದನ್ನು ಅವರು ಎಷ್ಟೋ ಸಲ ಕಂಡಿದ್ದರು.

“ದನಕ್ಕಾಗಿದ್ರೆ ಇಷ್ಟು ಜಾಗಕ್ಕೆ ನೀವು ಸರ್ಟಿಫಿಕೇಟ್ ಕೊಡ್ತಿರ್ಲಿಲ್ಲ ಬಿಡಿ ಡಾಕ್ಟ್ರೇ” ಎಂದರು.

ಇಬ್ಬರೂ ನಕ್ಕೆವು. ಅವರ ಕಾಲಿನ ಕಷ್ಟ ನನಗೆ ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಹೇಳುವಂತಿಲ್ಲ. ಅದಕ್ಕೇ ಇದನ್ನು ಬರೆದೆ.

ಎರಡನೆಯ ವಿಮಾನ ಬೆಳಗಿನದು. ಹದಿನಾಲ್ಕು ಗಂಟೆಗೂ ಹೆಚ್ಚಿನ ಹಾರಾಟ. ಹತ್ತುವ ಬಾಗಿಲಲ್ಲಿ ನಮ್ಮ ಬೋರ್ಡಿಂಗ್ ಪಾಸನ್ನು ಯಂತ್ರಕ್ಕೆ ಹಿಡಿದಾಗ ಕೆಂಪು ದೀಪ ಹತ್ತಿತು. ಅಲ್ಲಿದ್ದ ಹೆಂಗಸು ನಮ್ಮನ್ನು ಬದಿಗೆ ಕರೆದಳು. ಎಕಾನಮಿಯಲ್ಲಿ ಜನ ಹೆಚ್ಚಾಗಿದ್ದಾರೆ, ನಿಮ್ಮಿಬ್ಬರಲ್ಲಿ ಒಬ್ಬರನ್ನು ಬಿಸಿನೆಸ್ ಕ್ಲಾಸಿಗೆ ಕಳಿಸುತ್ತೇನೆ, ದುಡ್ಡೇನೂ ಕೊಡಬೇಕಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹೇಳುತ್ತಲೇ ಯಜಮಾನರ ಕಡೆ ತಲೆಯೆತ್ತಿ ನೋಡಿದಳು. ಇವರು ಹಿರಿಯರು, ಎತ್ತರವೂ ಇದ್ದಾರೆ, ಇವರನ್ನೇ ಕಳಿಸೋಣವೇ ಎಂದು ಕೇಳಿದಳು.

ಇವರಿಗೆ ಭಾಷೆ ಬರುವುದಿಲ್ಲ ಎಂದೆ ನಾನು. ಅಲ್ಲಿಯ ಸೀಟಿನ ಗುಂಡಿಗಳೆಲ್ಲ ಇವರಿಗೆ ತಿಳಿಯುವುದಿಲ್ಲ, ಒಬ್ಬರನ್ನೇ ಕೂರಿಸಿದರೆ ಹೆದರುತ್ತಾರೆ ಎಂದೆ. ಹಿಂದೆ ಕೂತರೂ ಒಬ್ಬರೇ ಆಗುತ್ತಾರಲ್ಲ ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಅವರಿಗೆ ಅಭ್ಯಾಸವಿದೆ ಎಂದುಬಿಟ್ಟೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ ಹೊಸ ಚೀಟಿ ಮುದ್ರಿಸಿ ನನ್ನ ಕೈಗೆ ಕೊಟ್ಟಳು.

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಒಂದು ಮಾತೂ ಅರ್ಥವಾಗಿರಲಿಲ್ಲ. ಏನಂತೆ ಎಂದು ಕೇಳಿದರು. ನಿಜವನ್ನೇ ಹೇಳಬಹುದಿತ್ತು. ಒಂದು ಒಳ್ಳೆಯ ಸೀಟು ಸಿಕ್ಕಿದೆ, ನಾನು ಹೋಗಲೇ ಎಂದಿದ್ದರೆ ಅವರು ಸಂತೋಷವಾಗಿ ಹೋಗಿ ಎನ್ನುತ್ತಿದ್ದರು. ನಾನು ಬಲ್ಲ ಯಜಮಾನರು ಅಂಥವರು. ಆದರೆ ಕೇಳಲು ನಾಚಿಕೆಯಾಯಿತು. ನನ್ನ ಕಾಗದಪತ್ರದಲ್ಲಿ ಏನೋ ತಕರಾರಂತೆ, ಮುಂದೆ ಕೂರಿಸಿಕೊಂಡು ವಿಚಾರಿಸುತ್ತಾರಂತೆ, ನೀವು ಹೆದರಬೇಡಿ, ಇಳಿಯುವಾಗ ಸಿಗೋಣ ಎಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. ನನ್ನ ಕೈಚೀಲವನ್ನು ತಾವೇ ಇಟ್ಟುಕೊಳ್ಳಲೇ ಎಂದು ಕೇಳಿದರು. ಬೇಡವೆಂದೆ.

ಮುಂದಿನ ಭಾಗ ಹೇಗಿತ್ತು ಎಂಬುದನ್ನೂ ಹೇಳಬೇಕು. ಯಾವುದಕ್ಕೆ ನಾನು ಅಷ್ಟು ಹಗುರವಾದೆ ಎಂದು ಓದುವವರಿಗೆ ತಿಳಿಯಲಿ. ಸೀಟು ನಮ್ಮ ಮನೆಯ ಸೋಫಾಕ್ಕಿಂತ ಅಗಲ. ಕಾಲು ಪೂರ್ತಿ ನೀಡಿದರೂ ನನ್ನ ಪಾದ ಆ ತುದಿಯನ್ನು ಮುಟ್ಟಲಿಲ್ಲ. ಗುಂಡಿ ಒತ್ತಿದರೆ ಸೀಟು ಮೆಲ್ಲಗೆ ಚಪ್ಪಟೆಯಾಗಿ ಹಾಸಿಗೆಯಾಗುತ್ತಿತ್ತು. ಬಿಸಿ ಮಾಡಿದ ಒದ್ದೆ ಟವೆಲ್ ಕೊಟ್ಟರು. ತಟ್ಟೆಯ ಕೆಳಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿದರು, ಪಿಂಗಾಣಿ ಬಟ್ಟಲುಗಳಲ್ಲಿ ಒಂದಾದ ಮೇಲೊಂದು ತಂದಿಟ್ಟರು. ಒಂದು ದಪ್ಪ ದುಪ್ಪಟಿ, ಎರಡು ದಿಂಬು, ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ. ಗಗನಸಖಿ ನನ್ನ ಹೆಸರಿನ ಮೊದಲಿಗೆ ಡಾಕ್ಟರ್ ಎಂದು ಸೇರಿಸಿ ಕರೆದಳು. ಅದು ನನಗೆ ಊಟಕ್ಕಿಂತ ರುಚಿಸಿತು. ಮೊದಲ ಎರಡು ಗಂಟೆ ಯಜಮಾನರ ನೆನಪು ಒಂದು ಸಲವೂ ಬರಲಿಲ್ಲ.

ಹೊರಗೆ ಬಿಸಿಲಿತ್ತು. ಜನ ಮಲಗಲೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಒಳಗೆ ದೀಪ ಇಳಿಸಿದ್ದರು. ನಾನು ಸೀಟು ಚಪ್ಪಟೆ ಮಾಡಿ, ಕಣ್ಣಿಗೆ ಪಟ್ಟಿ ಕಟ್ಟಿ, ದುಪ್ಪಟಿಯನ್ನು ಗಲ್ಲದವರೆಗೂ ಎಳೆದುಕೊಂಡು ಮಲಗಿದ್ದೆ. ನಿದ್ದೆ ಹತ್ತುವ ಹೊತ್ತಿಗೆ, ಹಿಂದಿನ ಎಕಾನಮಿಗೂ ನಮಗೂ ನಡುವೆ ಇಳಿಬಿಟ್ಟಿದ್ದ ಪರದೆಯ ಹತ್ತಿರ ಕನ್ನಡ ಕೇಳಿಸಿತು.

“ನಮ್ ಡಾಕ್ಟ್ರು ಒಳಗವ್ರೆ ಕಣವ್ವಾ. ಉಂಡ್ರೋ ಇಲ್ವೋ ನೋಡ್ಕಂಡು ಹೋಯ್ತೀನಿ, ಅಷ್ಟೇ.”

ಗಗನಸಖಿಗೆ ಅರ್ಥವಾಗಲಿಲ್ಲ. ಅವಳು ಮೆತ್ತಗೆ, ಮರ್ಯಾದೆಯಿಂದಲೇ, ಸರ್, ನಿಮ್ಮ ಸೀಟು ಹಿಂದೆ ಇದೆ ಎನ್ನುತ್ತಿದ್ದಳು. ಅವರು ಅದೇ ಮಾತನ್ನು ಇನ್ನೊಂದು ಸಲ ನಿಧಾನವಾಗಿ ಹೇಳಿದರು, ನಿಧಾನವಾಗಿ ಹೇಳಿದರೆ ತಿಳಿದೀತು ಎಂಬಂತೆ. ನಾನು ಮಲಗಿದ್ದದ್ದು ಮೂರನೆಯ ಸಾಲಿನಲ್ಲಿ. ಕಣ್ಣಿನ ಪಟ್ಟಿ ಎತ್ತಿ, ಇಲ್ಲಿದ್ದೀನಿ ಯಜಮಾನ್ರೇ ಎಂದರೆ ಸಾಕಿತ್ತು. ಎದ್ದರೆ ಅವರು ಆ ಹಾಸಿಗೆಯನ್ನು ನೋಡುತ್ತಿದ್ದರು. ತಲೆಗೆ ಎರಡು ದಿಂಬು ಕೊಟ್ಟುಕೊಂಡು ವಿಚಾರಣೆಗೆ ಒಳಗಾಗಿರುವ ನನ್ನನ್ನು ನೋಡುತ್ತಿದ್ದರು.

ನಾನು ಅಲುಗಾಡಲಿಲ್ಲ. ಉಸಿರನ್ನು ನಿದ್ದೆ ಮಾಡುವವನ ಹಾಗೆ ಎಳೆದು ಬಿಟ್ಟೆ. ಪರದೆ ಸರಿದು ಮತ್ತೆ ಮುಚ್ಚಿದ ಸದ್ದಾಯಿತು. ಬರಿಗಾಲಿನ ಹೆಜ್ಜೆ ಹಿಂದಕ್ಕೆ ಹೋದದ್ದು ಕೇಳಿಸಿತು. ಆಮೇಲೆ ಆ ಹಾಸಿಗೆಯಲ್ಲಿ ನನಗೆ ನಿದ್ದೆ ಬರಲಿಲ್ಲ. ಎದ್ದು ಹಿಂದೆ ಹೋಗಿ ಒಮ್ಮೆ ನೋಡಿ ಬರಬಹುದಿತ್ತು. ಅದನ್ನೂ ಮಾಡಲಿಲ್ಲ. ಹೋದರೆ ಏನು ಹೇಳುವುದು ಎಂದು ಯೋಚಿಸುತ್ತಲೇ ಇನ್ನೊಂದು ಊಟ ಬಂತು. ಅದನ್ನೂ ಉಂಡೆ.

ಇಳಿದ ಮೇಲೆ ಅವರಿಗಾಗಿ ಕಾದು ನಿಂತೆ. ಎಲ್ಲರೂ ಬಂದು ಹೋದ ಮೇಲೆ ಕಟ್ಟಕಡೆಗೆ ಬಂದರು. ಶೂ ಎರಡೂ ಕೈಯಲ್ಲಿದ್ದವು. ಪಾದ ಊದಿಕೊಂಡು ಶೂ ಒಳಕ್ಕೆ ಹೋಗಿರಲಿಲ್ಲ. ಪಂಚೆ ಸ್ವಲ್ಪ ಎತ್ತಿಸಿ ಮೀನಖಂಡದ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ನಿಂತಿತ್ತು. ಅವರಿಗೆ ಅದರ ಕಡೆ ಗಮನವೇ ಇರಲಿಲ್ಲ. ನನ್ನ ಕಾಗದ ಸರಿಹೋಯಿತೇ ಎಂದು ಕೇಳಿದರು. ಸರಿಹೋಯಿತು ಎಂದೆ. ಅಂಗಿಯ ಜೇಬಿನಿಂದ ಕಾಗದದ ಕರವಸ್ತ್ರದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. ಒಳಗೆ ಒಂದು ಬನ್ನು, ಒಂದು ಚೂರು ಚಾಕೊಲೇಟ್ ಇದ್ದವು. ವಿಚಾರಣೆಗೆ ಕೂರಿಸಿಕೊಂಡವರು ಊಟ ಕೊಟ್ಟರೋ ಇಲ್ಲವೋ ಎಂದು ತಮ್ಮ ತಟ್ಟೆಯಿಂದ ತೆಗೆದಿಟ್ಟಿದ್ದರು. ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ನಿಂತು, ಹೊಟ್ಟೆಯಲ್ಲಿ ಜಾಗವಿಲ್ಲದಿದ್ದರೂ ಪೂರ್ತಿ ತಿಂದೆ. ನಾನು ತಿಂದು ಮುಗಿಸುವವರೆಗೂ ಅವರು ನೋಡುತ್ತಿದ್ದರು.

ದನ ನೋಡಲು ಹೋಗುವುದು ಮಾರನೆಯ ಬೆಳಿಗ್ಗೆ ಎಂದು ಮೊದಲೇ ಗೊತ್ತುಮಾಡಿದ್ದರು. ಬಸ್ಸಿನಲ್ಲಿ ಮೂರು ಗಂಟೆ ಹೋಗಿ, ಅಲ್ಲಿ ಹುಲ್ಲುಗಾವಲಿನಲ್ಲಿ ನಡೆಯಬೇಕಿತ್ತು. ಬೆಳಿಗ್ಗೆ ನೋಡಿದರೆ ಯಜಮಾನರಿಗೆ ಕಾಲು ಊರಲು ಆಗುತ್ತಿರಲಿಲ್ಲ. ಸಭೆಯವರು ಕಳಿಸಿದ ವೈದ್ಯರು ನೋಡಿ, ಅಪಾಯವೇನಿಲ್ಲ, ಎರಡು ದಿನ ಕಾಲು ಎತ್ತರದಲ್ಲಿಟ್ಟು ಮಲಗಿರಲಿ ಎಂದರು. ನಾನು ಜೊತೆಯಲ್ಲಿರುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ನೀವಾದರೂ ನೋಡಿಕೊಂಡು ಬಂದು ನನಗೆ ಹೇಳಿ ಎಂದು ಕಳಿಸಿದರು. ನಾನು ಹೋದೆ. ಅವರು ಹೋಟೆಲಿನ ಕೋಣೆಯಲ್ಲಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಕಿಟಕಿಯಾಚೆಯ ಗೋಡೆ ನೋಡುತ್ತ ಉಳಿದರು.

ಸಂಜೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಬಿಳಿ ಬಣ್ಣದ, ಬೆನ್ನ ಮೇಲೆ ಎತ್ತರದ ಹಿಣಿಲಿನ, ಮೈತುಂಬಿದ ದನಗಳು. ಅವರು ಪರದೆಯ ಮೇಲೆ ಎರಡು ಬೆರಳಿಟ್ಟು ದೊಡ್ಡದು ಮಾಡಿ ಮಾಡಿ ಗೊರಸು ನೋಡಿದರು. ನಡೆಯುವಾಗಿನ ಸದ್ದು ಹೇಗಿತ್ತು ಎಂದು ಕೇಳಿದರು. ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ನಮ್ಮ ದನದ ಹಾಗೇ ಇತ್ತು ಎಂದು ಇನ್ನೊಂದು ಸುಳ್ಳು ಹೇಳಿದೆ.

ಸಭೆಯಲ್ಲಿ ಅವರು ಸ್ಟೂಲಿನ ಮೇಲೆ ಕಾಲು ಇಟ್ಟುಕೊಂಡೇ ಮಾತಾಡಿದರು. ನಾನು ಇಂಗ್ಲಿಷಿಗೆ ಹೇಳುತ್ತಿದ್ದೆ. ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಕೌಂಟರಿನಲ್ಲಿ ಅವರಿಗೊಂದು ಒಳ್ಳೆಯ ಸೀಟು ಕೊಡಿ ಎಂದು ಬೇಡಿದೆ. ಖಾಲಿ ಇರಲಿಲ್ಲ. ಓಡಾಡುವ ದಾರಿಯ ಪಕ್ಕದ ಸೀಟಿನಲ್ಲಿ ಕೂರಿಸಿ, ಗಂಟೆಗೊಮ್ಮೆ ಎಬ್ಬಿಸಿ ನಡೆಸಿದೆ. ಎಷ್ಟು ಚೆನ್ನಾಗಿ ನೋಡ್ಕತೀರಿ ಎಂದರು.

ಇಲ್ಲಿಗೆ ಮುಗಿದಿದ್ದರೆ ಅದು ನನ್ನೊಬ್ಬನ ಗುಟ್ಟಾಗಿ ಉಳಿಯುತ್ತಿತ್ತು. ಊರಿಗೆ ಬಂದ ತಿಂಗಳಿಗೆ ತರೀಕೆರೆಯಲ್ಲಿ ಸಹೋದ್ಯೋಗಿಗಳು ಸೇರಿ ನಮ್ಮಿಬ್ಬರಿಗೂ ಒಂದು ಸಣ್ಣ ಸನ್ಮಾನ ಇಟ್ಟುಕೊಂಡರು. ಯಜಮಾನರ ಬಸ್ಸು ತಡವಾಯಿತು, ನೀವೇ ಮೊದಲು ಮಾತಾಡಿ ಎಂದು ನನಗೆ ಹೇಳಿದರು. ದನದ ವಿಷಯ ಹೇಳಿ ಮುಗಿಸಿದೆ. ಆಮೇಲೆ ಒಬ್ಬ ಕಿರಿಯ ಡಾಕ್ಟರು ವಿಮಾನದ ಬಗ್ಗೆ ಕೇಳಿದ. ಕೇಳಿದ್ದೇ ತಡ, ನಾನು ಹುರುಪಿನಿಂದ ಶುರು ಮಾಡಿದೆ. ಅದೃಷ್ಟಕ್ಕೆ ನನಗೆ ಬಿಸಿನೆಸ್ ಕ್ಲಾಸ್ ಸಿಕ್ಕಿತು ಎಂದೆ. ಸೀಟು ಹಾಸಿಗೆಯಾಗುವುದನ್ನು ಕೈ ಆಡಿಸಿ ತೋರಿಸಿದೆ. ಬಿಸಿ ಟವೆಲ್ ಹೇಳಿದೆ, ಪಿಂಗಾಣಿ ಬಟ್ಟಲು ಹೇಳಿದೆ. ಪರದೆಯ ಹಿಂದಿನವರು ಕೋಳಿ ಗೂಡಿನಲ್ಲಿ ತುಂಬಿದ ಹಾಗೆ ಕೂತಿರುತ್ತಾರೆ ಎಂದೆ. ಎಲ್ಲರೂ ನಕ್ಕರು. ನಗು ನೋಡಲು ತಲೆಯೆತ್ತಿದಾಗ ಕಡೆಯ ಸಾಲಿನಲ್ಲಿ ಯಜಮಾನರು ಕಂಡರು. ಯಾವಾಗ ಬಂದು ಕೂತಿದ್ದರೋ ತಿಳಿಯದು. ಅವರೊಬ್ಬರು ನಕ್ಕಿರಲಿಲ್ಲ.

ನನ್ನ ಮಾತು ಅಲ್ಲೇ ನಿಂತಿತು. ಅವರನ್ನು ವೇದಿಕೆಗೆ ಕರೆದರು, ಶಾಲು ಹೊದಿಸಿದರು. ಎರಡು ಮಾತು ಹೇಳಿ ಎಂದಾಗ ಅವರು ಮೈಕಿನಿಂದ ಸ್ವಲ್ಪ ದೂರ ನಿಂತು, ಡಾಕ್ಟರು ಜೋಪಾನವಾಗಿ ಕರೆದುಕೊಂಡು ಹೋಗಿ ಜೋಪಾನವಾಗಿ ಕರೆದುಕೊಂಡು ಬಂದರು ಎಂದಷ್ಟೇ ಹೇಳಿ ಕೂತರು. ಪಕ್ಕದ ಕುರ್ಚಿಯಲ್ಲಿ ನಾನು ಕೊರಳಿನ ಹಾರ ತೆಗೆಯಲೂ ಮರೆತು ಕೂತಿದ್ದೆ.

ಬಸ್ ಸ್ಟ್ಯಾಂಡಿನವರೆಗೂ ಅವರ ಜೊತೆ ನಡೆದೆ. ಕಡೂರಿನ ಬಸ್ಸು ಬಂದು ನಿಂತ ಮೇಲೆ, ಹತ್ತುವ ಮುಂಚೆ ಕೇಳಿದರು.

“ಹಂಗಾರೆ ಕಾಗದದ ತಕರಾರು ಏನೂ ಇರ್ಲಿಲ್ಲ?”

“ಇರ್ಲಿಲ್ಲ ಯಜಮಾನ್ರೇ.”

“ನಾನು ಎದೆ ಒಡ್ಕಂಡ್ಬಿಟ್ಟಿದ್ದೆ ಕಣ್ರೀ. ನಿಮ್ಮನ್ನ ಎಲ್ಲಿ ಹಿಡ್ದು ಹಾಕ್ಬಿಡ್ತಾರೋ, ಮನೆಯೋರಿಗೆ ಏನಂತ ಹೇಳಾದು ಅಂತ. ಆ ದೇಸ ಸಿಗಗಂಟ ರೆಪ್ಪೆ ಮುಚ್ಚಿಲ್ಲ.”

ಸೀಟಿನ ಸುದ್ದಿ ಅವರು ಎತ್ತಲಿಲ್ಲ, ಕಾಲಿನ ಸುದ್ದಿಯನ್ನೂ ಎತ್ತಲಿಲ್ಲ. ನನಗೆ ಅಲ್ಲಿಯವರೆಗೂ ಅವರ ಊದಿದ ಪಾದವೊಂದೇ ಕಣ್ಣ ಮುಂದಿತ್ತು. ನನ್ನ ಸುಳ್ಳನ್ನು ನಿಜವೆಂದು ನಂಬಿ ಅವರು ಅಷ್ಟು ಗಂಟೆ ನನಗಾಗಿ ಹೆದರಿ ಕೂತಿದ್ದರು ಎಂಬುದು ಹೊಳೆದೇ ಇರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ. ಅವರು ತಲೆ ತಗ್ಗಿಸಿ ಬಸ್ಸಿನೊಳಗೆ ಹೋದರು.

ಐದಾರು ತಿಂಗಳು ಎಮ್ಮೆದೊಡ್ಡಿಯ ಕಡೆ ಹೋಗುವ ಧೈರ್ಯವಾಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅವರ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಫೋನು ಬಂತು. ಹೋದೆ. ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಿಚಿಕೊಂಡಿತ್ತು. ನಾನು ಒಳಗೆ ಕೈ ಹಾಕಿ ಕಾಲನ್ನು ಸರಿಮಾಡಿದೆ, ಅವರು ಹಗ್ಗ ಎಳೆದರು. ಕರು ಬದುಕಿತು. ಇಬ್ಬರೂ ಕೈ ತೊಳೆಯುತ್ತ ನಿಂತಾಗ ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ಬಾಗಿಲ ಹೆಂಗಸು ನಿಮ್ಮನ್ನೇ ಕಳಿಸೋಣ ಎಂದಿದ್ದಳು, ನಾನು ಬೇಡವೆಂದೆ ಎಂದು ಹೇಳಿದೆ. ಪರದೆಯ ಹತ್ತಿರ ನೀವು ಬಂದದ್ದು ನನಗೆ ಕೇಳಿಸಿತ್ತು, ಎಚ್ಚರವಾಗೇ ಇದ್ದೆ ಎಂದೂ ಹೇಳಿದೆ.

ಮೊದಲನೆಯದನ್ನು ಕೇಳಿಯೂ ಅವರು ಕೈ ತೊಳೆಯುತ್ತಲೇ ಇದ್ದರು. ಎರಡನೆಯದನ್ನು ಕೇಳಿ ಚೊಂಬು ಕೆಳಗಿಟ್ಟರು.

“ಅದೊಂದು ಹೇಳ್ಬಾರ್ದಿತ್ತು ಡಾಕ್ಟ್ರೇ. ನಿದ್ದೆ ಹೋಗಿದ್ರು ಪಾಪ, ಕೇಳ್ಸಿಲ್ಲ ಅಂತ್ಲೇ ಅನ್ಕಂಡಿದ್ದೆ.”

ಅವರು ಕರುವಿನ ಹತ್ತಿರ ಹೋಗಿ ಒಣಹುಲ್ಲಿನಿಂದ ಅದರ ಮೈ ಒರೆಸಲು ಕೂತರು. ಹೇಳಿದರೆ ಹಗುರವಾಗುತ್ತದೆ ಎಂದುಕೊಂಡು ಬಂದಿದ್ದೆ. ಅವರು ನನಗೋಸ್ಕರ ತಮ್ಮ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಒಂದು ನೆಪವನ್ನೂ ಕಿತ್ತುಕೊಂಡ ಹಾಗಾಯಿತು.

ಈಗಲೂ ದನಕ್ಕೆ ಹುಷಾರಿಲ್ಲದಿದ್ದರೆ ನನ್ನನ್ನೇ ಕರೆಯುತ್ತಾರೆ. ಮಾತಿನಲ್ಲಿ, ಮರ್ಯಾದೆಯಲ್ಲಿ ಕಡಿಮೆಯಿಲ್ಲ. ಮೊದಲೆಲ್ಲ ಕೆಲಸ ಮುಗಿದ ಮೇಲೆ ಒಂದೇ ಕಂಬಳಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದೆವು, ಅವರು ಯಾವುದೋ ಹಳೆಯ ಹೋರಿಯ ಕಥೆ ಹೇಳುತ್ತಿದ್ದರು. ಈಗ ನಾನು ಜೀಪಿನಿಂದ ಇಳಿಯುವ ಮುಂಚೆಯೇ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ, ಟವೆಲಿನಿಂದ ಧೂಳು ಒರೆಸಿ ಹಾಕುತ್ತಾರೆ. ಬೇಡ ಎಂದು ಒಂದೆರಡು ಸಲ ಹೇಳಿ ನೋಡಿದೆ. ಇರಲಿ ಕೂತ್ಕಳಿ ಎನ್ನುತ್ತಾರೆ. ಕೂರುತ್ತೇನೆ. ಅವರು ದನದ ಪಕ್ಕ ನಿಂತೇ ಇರುತ್ತಾರೆ.